ಕಾಫಿ ಹೂವಿನ ಬಿಳುಪು: ಫಿಲ್ಮ್ ಸ್ಕ್ಯಾನ್ ಮತ್ತು ಡಿಜಿಟಲ್ ಚಿತ್ರಗಳ ಹೋಲಿಕೆ

ಬೇರೆ ಬೇರೆ ಲೆನ್ಸಿನಲ್ಲಿ, ಬೇರೆ ಬೇರೆ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಫಿಲ್ಮ್ ಮೇಲೋ ಡಿಜಿಟಲ್ ಮೇಲೋ ಎಂದು ವಾದಿಸುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ನಾನು ನಿಕಾನ್ ಎಫ್‌ಎಂ2 ಫಿಲ್ಮ್ ಕ್ಯಾಮೆರಾ ಹಾಗೂ 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ (ಬೆಳಕು ಹಿಡಿಯುವ ಸಂವೇದಕ ಫಿಲ್ಮಿನ ಫ್ರೇಮಿನಷ್ಟೇ ದೊಡ್ಡದು) ಡಿಜಿಟಲ್ ಕ್ಯಾಮೆರಾ ಎರಡಕ್ಕೂ ಒಂದೇ 50 ಮಿ.ಮೀ. ಲೆನ್ಸ್ ಬಳಸಿದೆ, ಟ್ರೈಪಾಡನ್ನು ಇದ್ದಲ್ಲೇ ಬಿಟ್ಟು ಕ್ಯಾಮೆರಾ ಮಾತ್ರ ಬದಲಿಸಿ, ಎಫ್8 ದ್ಯುತಿರಂಧ್ರದಲ್ಲಿ, ಐಎಸ್‌ಒ 160ರ ಬೆಳಕು-ಸಂವೇದನೆಯಲ್ಲಿ ಚಿತ್ರ ತೆಗೆದೆ. ಫಿಲ್ಮ್ ಕೊಡಾಕ್ ಪೋರ್ಟ್ರಾ 160, ಅಂದರೆ ಬಣ್ಣ, ಬೆಳಕು ತಿರುವುಮುರುವಾಗಿ ಮೂಡುವ ಕಲರ್ ನೆಗೆಟಿವ್. ವಿರಾಜಪೇಟೆ ಕಡೆಯ ರೊಬಸ್ಟಾ ಕಾಫಿ ತೋಟದಲ್ಲಿ, ಹೂ ಅರಳಿಸುವ ಹೂಮಳೆಯ ನಂತರ ಗಿಡಗಳೆಲ್ಲ ಬೆಳ್ಳಗೆ ಅರಳಿದ್ದವು; ಸಿಲ್ವರ್ ಓಕ್ ನೆರಳನ್ನು ಸೀಳಿಕೊಂಡು ಬರುವ ಬಿಸಿಲು ಆ ಗೊಂಚಲುಗಳ ಮೇಲೆ ಬಿದ್ದರೆ ಯಾವ ಕ್ಯಾಮೆರಾಕ್ಕೂ ಅದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ.

ನೆಗೆಟಿವನ್ನು ಮೊದಲು ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ ಹಾಕಿದೆ. ಪೆಟ್ಟಿಗೆಯ ಮೇಲೆ 6400 ಡಿಪಿಐ (ಇಂಚಿಗೆ 6400 ಚುಕ್ಕಿ) ಎಂದಿದ್ದರೂ ಇಂಥ ಯಂತ್ರಗಳು ನಿಜವಾಗಿ ಬಿಡಿಸಿ ತೋರಿಸುವ ವಿವರ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಫೈಲ್ ದೊಡ್ಡದಾಗುತ್ತದೆ, ಕೇಸರಗಳು ಮಾತ್ರ ಮಸುಕಾಗಿಯೇ ಉಳಿಯುತ್ತವೆ. ಅದೇ ಫ್ರೇಮನ್ನು ಲೈಟ್‌ಬಾಕ್ಸಿನ ಮೇಲೆ ಸಮತಟ್ಟಾಗಿ ಇಟ್ಟು ತೀರ ಹತ್ತಿರದಿಂದ ಚಿತ್ರ ತೆಗೆಯುವ ಮ್ಯಾಕ್ರೊ ಲೆನ್ಸಿನಿಂದ ಡಿಜಿಟಲ್ ಕ್ಯಾಮೆರಾದಲ್ಲಿ ಪ್ರತಿ ತೆಗೆದಾಗ ಫಿಲ್ಮಿನ ಗ್ರೇನ್ (ಚಿತ್ರ ಮೂಡಿಸುವ ಸಣ್ಣ ಕಣಗಳು) ಸ್ಪಷ್ಟವಾಗಿ ಕಂಡಿತು. ಗ್ರೇನ್ ಕಾಣುವವರೆಗೆ ನೀವು ನೋಡುತ್ತಿರುವುದು ಸ್ಕ್ಯಾನರಿನ ಮಿತಿಯನ್ನೇ ಹೊರತು ಫಿಲ್ಮಿನದನ್ನಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗೆ ನೋಡಿದರೂ ಸೂಕ್ಷ್ಮ ವಿವರದಲ್ಲಿ ಡಿಜಿಟಲ್ಲೇ ಮುಂದು. ಎಲೆಯ ನರಗಳು, ತೊಗಟೆಯ ಮೇಲಿನ ಪಾಚಿ, ಗಿಡದ ಬುಡದ ಕತ್ತಲು ಅದರಲ್ಲಿ ಸ್ವಚ್ಛವಾಗಿ ಸಿಕ್ಕವು. ಫಿಲ್ಮಿನ ನೆರಳನ್ನು ಬೆಳಗಿಸಹೊರಟರೆ ಕೈಗೆ ಬಂದದ್ದು ಕೆಸರು ಬಣ್ಣ ಮತ್ತು ಗ್ರೇನ್. ಬಿಸಿಲು ಬಿದ್ದ ಹೂವಿನಲ್ಲಿ ಮಾತ್ರ ಲೆಕ್ಕ ತಿರುಗಿತು. ಡಿಜಿಟಲ್‌ನಲ್ಲಿ ಸಂವೇದಕ ಹಿಡಿಯಬಲ್ಲಷ್ಟು ಬೆಳಕು ತುಂಬಿದ ಮೇಲೆ ಅಲ್ಲಿ ಖಾಲಿ ಬಿಳುಪಷ್ಟೇ ಉಳಿಯುತ್ತದೆ, ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಿಂದಲೂ ಎಸಳು ಹಿಂದೆ ಬರುವುದಿಲ್ಲ. ಕಲರ್ ನೆಗೆಟಿವ್ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಇಮ್ಮಡಿ ಬೆಳಕು) ಹೆಚ್ಚಿನ ಬೆಳಕನ್ನು ಸಲೀಸಾಗಿ ತಡೆದುಕೊಳ್ಳುವುದರಿಂದ ಎಸಳಿನ ಅಂಚು, ಅದರ ಮೇಲಿನ ತೆಳು ಹಳದಿ ಛಾಯೆ ಎರಡೂ ಉಳಿದಿದ್ದವು. (ನೆಗೆಟಿವ್ ಬದಲು ನೇರ ಚಿತ್ರವನ್ನೇ ಕೊಡುವ ಸ್ಲೈಡ್ ಫಿಲ್ಮ್ ಹಾಕಿದ್ದರೆ ಈ ಮಾತು ಹೇಳಲಾಗುತ್ತಿರಲಿಲ್ಲ, ಅದರ ಸಹನೆ ಡಿಜಿಟಲ್‌ಗಿಂತಲೂ ಕಡಿಮೆ.)

ಪರದೆಯ ಮೇಲೆ ನೂರಕ್ಕೆ ನೂರು ಹಿಗ್ಗಿಸಿ ನೋಡಿದ ಅಂತರವೆಲ್ಲ ಮುದ್ರಣದಲ್ಲಿ ಉಳಿಯುವುದಿಲ್ಲ. 12×18 ಇಂಚಿನ ಪ್ರಿಂಟಿಗೆ 24 ಮೆಗಾಪಿಕ್ಸೆಲ್ ಎಂದರೆ ಇಂಚಿಗೆ 333 ಪಿಕ್ಸೆಲ್. ಮ್ಯಾಕ್ರೊ ಲೆನ್ಸಿನ ಪ್ರತಿಯಿಂದಲೂ ಹೆಚ್ಚುಕಡಿಮೆ ಅಷ್ಟೇ ದಕ್ಕುತ್ತದೆ. ಆ ಅಳತೆಯಲ್ಲಿ ಎರಡನ್ನೂ ಕೈಯಳತೆಯ ದೂರದಿಂದ ನೋಡಿದಾಗ ವಿವರದ ಕೊರತೆ ಗಮನಕ್ಕೆ ಬರಲಿಲ್ಲ, ಹೂವಿನ ಬಿಳುಪಿನ ವ್ಯತ್ಯಾಸ ಬಂತು. ಹೀಗಾಗಿ ಹೂವಿನ ಕಾಲದ ಬಿಸಿಲಿಗೆ ನೆಗೆಟಿವನ್ನೂ, ಮಳೆಗಾಲದ ಮಂಜಿಗೆ, ತೋಟದೊಳಗಿನ ಮಬ್ಬಿಗೆ ಡಿಜಿಟಲ್ಲನ್ನೂ ಬಳಸುತ್ತಿದ್ದೇನೆ.