ಚಿಮಣಿ ಹೊಗೆ ಎಳೆಯುತ್ತಿರಲಿಲ್ಲ, ತಪ್ಪು ಪೈಪಿನಲ್ಲಿತ್ತು

ಅಡುಗೆಮನೆ ಹೊಸದಾಗಿ ಮಾಡಿಸಿದಾಗ 60 ಸೆಂ.ಮೀ. ಚಿಮಣಿ ಹಾಕಿಸಿದೆವು. ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದರೆ ಸಾಕು, ಘಾಟು ಹಾಲ್ ದಾಟಿ ಮಲಗುವ ಕೋಣೆಗೆ ಬರುತ್ತಿತ್ತು. ಸ್ಪೀಡ್ 3ಕ್ಕೆ ಇಟ್ಟರೆ ಸದ್ದು ಮಾತ್ರ ಜಾಸ್ತಿ.

ಸ್ಟೀಲ್ ಫಿಲ್ಟರನ್ನು ಬಿಸಿನೀರಿನಲ್ಲಿ ನೆನೆಸಿ ತೊಳೆದೆ. ವ್ಯತ್ಯಾಸ ಇಲ್ಲ. ಸರ್ವೀಸಿನವರು ಮೋಟಾರ್ ಸರಿಯಿದೆ, ಇನ್ನೂ ಜಾಸ್ತಿ ಸಕ್ಷನ್ ಇರುವ ಮಾಡೆಲ್ ತಗೊಳ್ಳಿ ಅಂದರು. ಸುಮ್ನೆ ದುಡ್ಡು ದಂಡ.

ಕೊನೆಗೆ ಪೈಪ್ ಬಿಚ್ಚಿದೆ. ಚಿಮಣಿಯ ಬಾಯಿ 6 ಇಂಚು, ಗೋಡೆಯ ತೂತು 4 ಇಂಚು! ಅಂದರೆ ಗಾಳಿ ಹೋಗುವ ಜಾಗ ಅರ್ಧಕ್ಕಿಂತ ಕಮ್ಮಿ ಆಯಿತು, ಅಲ್ವಾ? ಸಾಲದ್ದಕ್ಕೆ ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಪೈಪನ್ನು ಕಪಾಟಿನ ಹಿಂದೆ ಮೂರು ಸಲ ತಿರುಗಿಸಿದ್ದರು.

ಮೊದಲು ಕೋರ್ ಕಟಿಂಗ್, ಅಂದರೆ ಮೆಷಿನ್ನಿನಿಂದ ಗೋಡೆಯನ್ನು ದುಂಡಗೆ ಕೊರೆಯುವ ಕೆಲಸ, ಮಾಡಿಸಿ ತೂತನ್ನು 6 ಇಂಚಿನ ಪೈಪ್ ಹಿಡಿಯುವಷ್ಟು ದೊಡ್ಡದು ಮಾಡಿಸಿದೆ (ಬೀಮ್ ಇರುವ ಕಡೆ ಕೊರೆಸಬೇಡಿ). ಆಮೇಲೆ 6 ಇಂಚಿನ ಪಿವಿಸಿ ಪೈಪ್, ಒಂದೇ ಬೆಂಡ್, ಕೂಡುವ ಕಡೆಯೆಲ್ಲ ಅಲ್ಯೂಮಿನಿಯಂ ಟೇಪ್. ಪೈಪ್ ಕೂರಿಸುವ ಮುಂಚೆ ಚಿಮಣಿ ಬಾಯಲ್ಲಿರುವ, ಹೊರಗಿನ ಗಾಳಿ ವಾಪಸ್ ಬರದಂತೆ ತಡೆಯುವ ಪ್ಲಾಸ್ಟಿಕ್ ರೆಕ್ಕೆ ನೋಡಿ. ನಮ್ಮದು ಸ್ಕ್ರೂಗೆ ತಾಗಿ ಅರ್ಧಕ್ಕೇ ನಿಂತಿತ್ತು. ಬೆರಳಲ್ಲಿ ಎತ್ತಿ ಬಿಟ್ಟರೆ ತಾನೇ ಬೀಳಬೇಕು. ಕೊನೆಗೆ ಚಿಮಣಿಯನ್ನು ಒಲೆಯಿಂದ 36 ಇಂಚು ಎತ್ತರದಲ್ಲಿದ್ದದ್ದನ್ನು 28ಕ್ಕೆ ಇಳಿಸಿದೆ. ಒಲೆ ಪಕ್ಕದ ಕಿಟಕಿ ಮುಚ್ಚಿ, ದೂರದ್ದು ಸ್ವಲ್ಪ ತೆರೆದಿಡಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಎಲ್ಲಿಂದ ಬರಬೇಕು?

ಈಗ ಸ್ಪೀಡ್ 1ರಲ್ಲೇ ಟಿಶ್ಯೂ ಪೇಪರ್ ಫಿಲ್ಟರಿಗೆ ಅಂಟಿ ನಿಲ್ಲುತ್ತದೆ.