ಭುಜದ ನೋವಿಗೆ ಶಾಖವೋ ಇಂಜೆಕ್ಷನ್ನೋ?

ಹೀಟಿಂಗ್ ಪ್ಯಾಡ್ ಇಟ್ಟುಕೊಂಡೇ ನಿದ್ದೆ ಹೋಗಿ, ಬೆಳಗ್ಗೆ ಭುಜದ ಮೇಲೆ ಬೊಬ್ಬೆ ಎದ್ದವರನ್ನು ನೋಡಿದ್ದೇನೆ. ಭುಜಕ್ಕೆ ಸ್ಟೀರಾಯ್ಡ್ (ಊತ, ನೋವು ಇಳಿಸುವ ಔಷಧ) ಇಂಜೆಕ್ಷನ್ ಹಾಕಿಸಿಕೊಂಡ ಮೂರನೇ ದಿನ, ನೋವು ಹೋಯಿತಲ್ಲ ಎಂದು ತುಂಬಿದ ನೀರಿನ ಕ್ಯಾನ್ ಎತ್ತಿ ಮತ್ತೆ ಮೊದಲಿನ ಸ್ಥಿತಿಗೆ ಬಂದವರೂ ಇದ್ದಾರೆ. ಎರಡೂ ಕೆಟ್ಟ ಚಿಕಿತ್ಸೆಗಳಲ್ಲ. ಆದರೆ ಯಾವುದನ್ನು ಯಾವಾಗ ಬಳಸಬೇಕು, ಆಮೇಲೆ ಏನು ಮಾಡಬೇಕು ಎಂಬುದರಲ್ಲೇ ಬಹಳ ಜನ ಎಡವುತ್ತಾರೆ.

1. ನೋವು ಯಾವುದೆಂದು ತಿಳಿಯಿರಿ

ಭುಜದ ಕೀಲನ್ನು ಹಿಡಿದಿಡುವ ನಾಲ್ಕು ಸ್ನಾಯುಗಳ ಗುಂಪೇ ರೊಟೇಟರ್ ಕಫ್. ಅವುಗಳನ್ನು ಮೂಳೆಗೆ ಕಟ್ಟಿರುವ ಹಗ್ಗದಂಥ ಭಾಗ ಟೆಂಡನ್. ಕೈಯನ್ನು ಪಕ್ಕಕ್ಕೆ ಎತ್ತುವಾಗ ನಡುವೆ ಚಳಕ್ ಎನ್ನುವುದು, ಆ ಮಗ್ಗುಲಿಗೆ ಮಲಗಲು ಆಗದಿರುವುದು ಟೆಂಡನ್ ನೋವಿನ ಸಾಮಾನ್ಯ ಲಕ್ಷಣ. ಮುಂದೆ ಹೇಳುವುದು ಈ ನೋವಿನ ಬಗ್ಗೆಯೇ. ಬಿದ್ದ ಮೇಲೆ ಕೈಯೇ ಏಳದಿದ್ದರೆ, ಅಥವಾ ಜ್ವರದ ಜೊತೆ ಭುಜ ಕೆಂಪಗೆ ಊದಿದ್ದರೆ ಕೂಡಲೇ ಡಾಕ್ಟರಿಗೆ ತೋರಿಸಿ. ಭುಜದ ನೋವಿನೊಂದಿಗೆ ಎದೆ ಬಿಗಿದು ಬೆವರಿದರೆ ನೇರ ತುರ್ತು ಚಿಕಿತ್ಸೆಗೆ ಹೋಗಿ.

2. ಶಾಖ ಕೊಡಿ

ಬಟ್ಟೆ ಸುತ್ತಿದ ಬಿಸಿನೀರಿನ ಚೀಲ, 15ರಿಂದ 20 ನಿಮಿಷ. ಅಷ್ಟೇ ಸಾಕು. ಹೊಸದಾಗಿ ಪೆಟ್ಟು ಬಿದ್ದು ಊದಿದ್ದರೆ ಮೊದಲ ಎರಡು ಮೂರು ದಿನ ಶಾಖ ಬೇಡ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕಡಿಮೆಯಾದವರಿಗೆ ಸುಟ್ಟಿದ್ದೂ ತಿಳಿಯುವುದಿಲ್ಲ, ಅವರು ಇದನ್ನು ಬಿಡುವುದೇ ಒಳ್ಳೆಯದು. ಇನ್ನೊಂದು ಮಾತು: ಮೆಂಥಾಲ್ ಮುಲಾಮು ಹಚ್ಚಿ ಅದರ ಮೇಲೆ ಶಾಖ ಕೊಡಬೇಡಿ, ಚರ್ಮ ಸುಡುತ್ತದೆ. ಮುಲಾಮಿನ ಉರಿ ಚರ್ಮದಲ್ಲಷ್ಟೇ, ಅದು ಟೆಂಡನ್‌ಗೆ ಕೊಡುವ ಶಾಖವಲ್ಲ. ಆಳಕ್ಕೆ ಶಾಖ ಕೊಡುವ ಡಯಾಥರ್ಮಿ ಯಂತ್ರ ಫಿಸಿಯೋಥೆರಪಿಸ್ಟರ ಬಳಿ ಇರುತ್ತದೆ. ಪೇಸ್‌ಮೇಕರ್ ಇದ್ದವರಿಗೆ ಅದು ಸಲ್ಲದು.

3. ಶಾಖ ತೆಗೆದ ಕೂಡಲೇ ವ್ಯಾಯಾಮ

ಕೆಲಸ ಕೆಡುವುದು ಇಲ್ಲೇ. ಶಾಖದಿಂದ ಬಿಗಿತ ಸಡಿಲವಾಗುತ್ತದೆ, ನೋವು ತುಸು ಇಳಿಯುತ್ತದೆ. ಅಷ್ಟಕ್ಕೇ ಹಾಯಾಗಿ ಕೂತರೆ ಒಂದು ಗಂಟೆಯಲ್ಲಿ ಎಲ್ಲ ವಾಪಸ್. ಟೆಂಡನ್ ಗಟ್ಟಿಯಾಗುವುದು ಅದಕ್ಕೆ ಹದವಾಗಿ ಭಾರ ಕೊಟ್ಟಾಗ ಮಾತ್ರ.

ಗೋಡೆಯ ಪಕ್ಕ ನಿಲ್ಲಿ. ಮೊಣಕೈಯನ್ನು ಪಕ್ಕೆಗೆ ಒತ್ತಿ, 90 ಡಿಗ್ರಿ ಮಡಚಿ. ಅಂಗೈಯ ಹಿಂಭಾಗವನ್ನು ಗೋಡೆಗೆ ತಾಗಿಸಿ ಹೊರಕ್ಕೆ ಒತ್ತಿ. ಕೈ ಕದಲಬಾರದು, ಭುಜ ಕಿವಿಯತ್ತ ಏರಬಾರದು. ಮೊದಲು 10 ಸೆಕೆಂಡು, ರೂಢಿಯಾದಂತೆ 30ಕ್ಕೆ ಏರಿಸಿ. ಐದು ಸಲ. ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನ ಬೆಳಗ್ಗೆಗೆ ಅದು ಇಳಿದಿದ್ದರೆ ಸರಿಯಾಗಿದೆ, ಜಾಸ್ತಿಯಾಗಿದ್ದರೆ ಒತ್ತಡ ಅರ್ಧಕ್ಕೆ ಇಳಿಸಿ. ಕೆಲವು ವಾರಗಳ ನಂತರ ರಬ್ಬರ್ ಬ್ಯಾಂಡ್ ಹಿಡಿದು ಇದನ್ನೇ ಮಾಡಿ. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ವಾರಕ್ಕೇ ಬಿಟ್ಟರೆ ಏನು ಸಿಗುತ್ತದೆ?

4. ಇಂಜೆಕ್ಷನ್ ಯಾವಾಗ?

ರಾತ್ರಿ ನಿದ್ದೆಯೇ ಇಲ್ಲ, ನೋವಿಗೆ ವ್ಯಾಯಾಮವೂ ಆಗುತ್ತಿಲ್ಲ ಅನ್ನುವಾಗ. ಅದಕ್ಕೂ ಮೊದಲು ಬೇಡ ಎಂದೇ ನನ್ನ ಸಲಹೆ. ಸಾಮಾನ್ಯವಾಗಿ ಮೀಥೈಲ್‌ಪ್ರೆಡ್ನಿಸೊಲೋನ್ ಅಥವಾ ಟ್ರೈಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡನ್ನು ಮರಗಟ್ಟಿಸುವ ಔಷಧದ ಜೊತೆ ಕೊಡುತ್ತಾರೆ. ಸೂಜಿ ಹೋಗಬೇಕಾದದ್ದು ಟೆಂಡನ್ ಮೇಲಿನ ಜಾಗಕ್ಕೆ. ಟೆಂಡನ್ನಿನೊಳಕ್ಕೇ ಹೋದರೆ ಅದು ದುರ್ಬಲವಾಗುತ್ತದೆ. ಹಾಗಾಗಿ ಅಲ್ಟ್ರಾಸೌಂಡ್ ನೋಡಿಕೊಂಡು ಕೊಡುವವರು ಸಿಕ್ಕರೆ ಅವರ ಬಳಿಯೇ ಹೋಗಿ.

ಮರಗಟ್ಟಿದ್ದು ಕೆಲವು ಗಂಟೆಗಳಲ್ಲಿ ಇಳಿದಾಗ ನೋವು ಮರಳುತ್ತದೆ, ಒಂದೆರಡು ದಿನ ಹೆಚ್ಚೂ ಆಗಬಹುದು. ಗಾಬರಿ ಬೇಡ, ಸ್ಟೀರಾಯ್ಡ್ ಕೆಲಸ ಶುರುಮಾಡಲು ಕೆಲವು ದಿನ ಬೇಕು. ಸಕ್ಕರೆ ಕಾಯಿಲೆ ಇದ್ದವರು ಒಂದು ವಾರ ಸಕ್ಕರೆ ಮಟ್ಟವನ್ನು ಪದೇ ಪದೇ ನೋಡಿಕೊಳ್ಳಿ, ಏರುತ್ತದೆ. ರಕ್ತ ತೆಳುಮಾಡುವ ಮಾತ್ರೆ ತಿನ್ನುವವರು ಮೊದಲೇ ಡಾಕ್ಟರಿಗೆ ಹೇಳಿ, ತಾವಾಗಿ ನಿಲ್ಲಿಸಬೇಡಿ.

ಶಮನ ಸಿಗುವುದು ಕೆಲವು ವಾರಗಳಿಗೆ ಮಾತ್ರ. ಒಂದೆರಡು ವಾರ ಭಾರ ಎತ್ತದೆ, ಮೇಲೆ 3ರಲ್ಲಿ ಹೇಳಿದ ಗೋಡೆಯ ವ್ಯಾಯಾಮವನ್ನು ಮೆಲ್ಲಗೆ ಶುರುಮಾಡಿ. ಎರಡು ಇಂಜೆಕ್ಷನ್‌ಗಳ ನಡುವೆ ಕನಿಷ್ಠ ಮೂರು ತಿಂಗಳಿರಲಿ. ಎರಡಾದರೂ ನೋವು ಹಾಗೇ ಇದ್ದರೆ ಮೂರನೆಯದನ್ನು ಕೇಳಬೇಡಿ, ಟೆಂಡನ್ ಹರಿದಿದೆಯೇ ಎಂದು ಸ್ಕ್ಯಾನ್ ಮಾಡಿಸಿ.