ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣಕ್ಕೆ ಬಸ್ಸಿನಲ್ಲಿ ಹೋಗುವವರಿಗೆ

ಊರಿನಿಂದ ಬಂದು ಮೆಜೆಸ್ಟಿಕ್‌ನಲ್ಲಿ ಇಳಿಯುವವರು ಟ್ಯಾಕ್ಸಿಗೆ ದುಡ್ಡು ಸುರಿಯಬೇಕಾಗಿಲ್ಲ. ಕೆಂಪೇಗೌಡ ಬಸ್ ನಿಲ್ದಾಣದಿಂದಲೇ ಬಿಎಂಟಿಸಿಯ ವಾಯುವಜ್ರ ಬಸ್ಸು, ಸಂಖ್ಯೆ ಕೆಐಎ-9, ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೊರಡುತ್ತದೆ. ದೂರ ಸುಮಾರು 35 ಕಿಲೋಮೀಟರ್. ಆದರೆ ಲೆಕ್ಕ ಹಾಕಬೇಕಾದದ್ದು ದೂರವನ್ನಲ್ಲ, ಹೆಬ್ಬಾಳವನ್ನು. ಸಂಜೆ ಐದರ ನಂತರ ಮೇಖ್ರಿ ವೃತ್ತದಿಂದ ಅಲ್ಲಿಯವರೆಗೆ ಬಸ್ಸು ಆಮೆಯಂತೆ ತೆವಳುತ್ತದೆ. ಪ್ರಯಾಣಕ್ಕೇ ಎರಡು ಗಂಟೆ ಇಟ್ಟುಕೊಳ್ಳಿ. ಹೆಬ್ಬಾಳ ದಾಟಿದರೆ ಎದೆ ಹಗುರ.

ಚಕ್ರದ ಸೂಟ್‌ಕೇಸನ್ನು ಸಾಮಾನಿನ ಕಟ್ಟೆಯ ಮೇಲೆ ಅಡ್ಡಡ್ಡ ಮಲಗಿಸಿ. ನಿಲ್ಲಿಸಿದರೆ ಬ್ರೇಕ್ ಹಾಕಿದಾಗಲೆಲ್ಲ ಉರುಳಿ ಬಂದು ಯಾರದಾದರೂ ಕಾಲಿಗೆ ಬಡಿಯುತ್ತದೆ. ಹೆಣ್ಣುಮಕ್ಕಳೇ, ಇದರಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣವಿಲ್ಲ, ಹಣ ಜೊತೆಗಿರಲಿ. ನಿಮ್ಮ ವಿಮಾನ ಒಂದನೇ ಟರ್ಮಿನಲ್ಲೋ ಎರಡನೆಯದೋ ಎಂಬುದನ್ನು ಟಿಕೆಟ್‌ನಲ್ಲಿ ನೋಡಿಕೊಂಡೇ ಬಸ್ ಹತ್ತಿ.